ಲಕ್ಷದ್ವೀಪಕ್ಕೆ ಹೊರಟವರಿಗೆ: ಶಾರ್ಕ್ ಫೋಟೋ ತೆಗೆಯುವುದು ಹೀಗೆ

ಬೆಳಗಾವಿಯ ನಮ್ಮ ಗುಂಪಿನ ಮೂವರು ಗೆಳೆಯರು ಲಕ್ಷದ್ವೀಪಕ್ಕೆ ಹೊರಟಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ಹವಳದ ದಿಬ್ಬದ ಒಳಗಿನ ತಿಳಿ ನೀರಿನಲ್ಲಿ ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್‌ಗಳು ಓಡಾಡುತ್ತವೆ. ಮರಿಗಳು ಮೊಣಕಾಲುದ್ದದ ನೀರಿಗೂ ಬರುತ್ತವೆ. ಬೆನ್ನಿನ ರೆಕ್ಕೆಯ ತುದಿ ಕಪ್ಪಗಿರುತ್ತದೆ, ಥಟ್ಟನೆ ಗುರುತು ಸಿಗುತ್ತದೆ. ಇವು ಬಹಳ ಅಂಜುವ ಮೀನು. ಬೆನ್ನು ಹತ್ತಿದರೆ ಬಾಲದ ಫೋಟೋ ಮಾತ್ರ ಸಿಗುತ್ತದೆ. ಮರಳಿನ ಮೇಲೆ ಸುಮ್ನೆ ನಿಲ್ಲಿ, ಕೈಕಾಲು ಆಡಿಸಬೇಡಿ. ಅವೇ ಹತ್ತಿರ ಬರಲಿ. ಹವಳದ ಮೇಲೆ ಮಾತ್ರ ಕಾಲಿಡಬೇಡಿ, ಅದು ಜೀವ ಇರುವಂಥದ್ದು. ತಿನಿಸು ಹಾಕಿ ಕರೆಯುವುದೂ ಬೇಡ.

ಸೂರ್ಯ ನಿಮ್ಮ ಬೆನ್ನಿಗಿರಲಿ. ಅಗಲ ನೋಟ ಹಿಡಿಯುವ ವೈಡ್ ಲೆನ್ಸ್ ಹಾಕಿ. ಜೂಮ್ ಮಾಡಿದರೆ ನಡುವಿನ ನೀರೆಲ್ಲ ನೀಲಿ ಮಬ್ಬಾಗಿ ಕೂಡುತ್ತದೆ. ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಬೇಡ, ಚಿತ್ರ ಅಲುಗಿದಂತೆ ಬರುತ್ತದೆ. ಫ್ಲ್ಯಾಶ್ ಆಫ್ ಮಾಡಿ, ಇಲ್ಲದಿದ್ದರೆ ತೇಲುವ ಮರಳಿನ ಕಣಗಳು ಬಿಳಿ ಚುಕ್ಕೆಗಳಾಗಿ ಬೀಳುತ್ತವೆ. ನೀರು ಮೊದಲು ಕೆಂಪು ಬಣ್ಣವನ್ನೇ ನುಂಗುತ್ತದೆ, ಅಲ್ವಾ? ಅದಕ್ಕೆ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸುವ ಫೈಲ್‌ನಲ್ಲಿ, ತೆಗೆಯಿರಿ. ಮನೆಗೆ ಬಂದು ಬಣ್ಣ ಸರಿ ಮಾಡಬಹುದು.

ಹೊರಡುವ ಮುಂಚೆ ಇಲ್ಲೇ ಒಂದು ಕೆಲಸ ಮಾಡಿ. ಕ್ಯಾಮೆರಾ ಹಾಕದೆ, ವಾಟರ್‌ಪ್ರೂಫ್ ಕೇಸಿನೊಳಗೆ ಬರೀ ಟಿಶ್ಯೂ ಇಟ್ಟು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಮುಳುಗಿಸಿ. ಟಿಶ್ಯೂ ಒದ್ದೆಯಾದರೆ ಕೇಸನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ರಿಂಗ್ ನೋಡಿ. ಒಂದು ಕೂದಲು ಸಿಕ್ಕಿದ್ದರೂ ನೀರು ಒಳಗೆ ಹೋಗುತ್ತದೆ. ಆಮೇಲೆ ಊರಿನ ಈಜುಕೊಳದಲ್ಲಿ ಎರಡು ಬೆಳಗ್ಗೆ ಪ್ರಾಕ್ಟೀಸ್ ಮಾಡಿ. ಒಬ್ಬರು ಅಡ್ಡಕ್ಕೆ ಈಜಲಿ, ಇನ್ನೊಬ್ಬರು ಫೋಟೋ ತೆಗೆಯಲಿ. ಬಂದ ಮೇಲೆ ಫೋಟೋ ಇಲ್ಲಿ ಹಾಕಿ, ಕಾಯುತ್ತಿರುತ್ತೇನೆ.