ಕಾರಿನ ಗೀರು: ಉಜ್ಜುವ ಮೊದಲು ಉಗುರು ಆಡಿಸಿ

ಬಾಗಿಲ ಮೇಲೆ ಗೀರು ಕಂಡ ಕೂಡಲೇ ಕೈ ಬಟ್ಟೆಯತ್ತ ಹೋಗುತ್ತದೆ. ಸ್ವಲ್ಪ ತಡೆಯಿರಿ. ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್ ಎಂಬ ತಳಪದರ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಹೊದಿಕೆ. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ಒಂದು ತಲೆಗೂದಲಿನಷ್ಟೂ ಇಲ್ಲ. ಪಾಲಿಷ್ ಮಾಡಿದಾಗ ಗೀರು ತುಂಬಿಕೊಳ್ಳುತ್ತದೆ ಎಂದು ಹಲವರು ಭಾವಿಸುತ್ತಾರೆ. ಆಗುವುದು ತದ್ವಿರುದ್ಧ: ಸುತ್ತಲಿನ ಹೊದಿಕೆಯನ್ನು ಗೀರಿನ ತಳದವರೆಗೆ ಸವೆಸುತ್ತೇವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಮೊದಲು ಆ ಜಾಗವನ್ನು ಶಾಂಪೂ ಹಾಕಿ ತೊಳೆಯಿರಿ. ಧೂಳು ಉಳಿದರೆ ಅದೇ ಬಟ್ಟೆಯಡಿ ಸಿಕ್ಕಿ ಹೊಸ ಗೀರು ಎಳೆಯುತ್ತದೆ. ಒರೆಸುವ ಮುನ್ನ, ಒದ್ದೆಯಿರುವಾಗಲೇ ಗೀರನ್ನು ನೋಡಿ. ಹೊದಿಕೆಯಲ್ಲಷ್ಟೇ ಇರುವ ಗೀರು ಬೆಳಕು ಚದುರಿಸಿ ಬೆಳ್ಳಗೆ ಕಾಣುತ್ತದೆ. ನೋಡಿದವರು ಪ್ರೈಮರ್ ಬಂದುಬಿಟ್ಟಿತೆಂದು ಗಾಬರಿಯಾಗುತ್ತಾರೆ. ನೀರು ಬಿದ್ದಾಗ ಅದು ಮಾಯವಾದರೆ ಚಿಂತೆಯಿಲ್ಲ. ಇನ್ನು ಉಗುರನ್ನು ಅಡ್ಡಲಾಗಿ ಹಗುರವಾಗಿ ಆಡಿಸಿ. ಜಾರಿಹೋದರೆ ಮನೆಯಲ್ಲೇ ಕೆಲಸ ಮುಗಿಯುತ್ತದೆ. ತಡೆದು ನಿಂತರೆ ಗೀರು ಆಳವಾಗಿದೆ, ಎಷ್ಟು ಉಜ್ಜಿದರೂ ಪೂರ್ತಿ ಹೋಗದು.

ಕೆಲವೊಮ್ಮೆ ಅದು ಗೀರೇ ಆಗಿರುವುದಿಲ್ಲ. ಇನ್ನೊಂದು ಗಾಡಿಯ ಬಣ್ಣವೋ ಕಂಬದ ಬಣ್ಣವೋ ಅಂಟಿಕೊಂಡಿರುತ್ತದೆ. ಹಾಗಿದ್ದರೆ ಸ್ವಲ್ಪ ಕಾಂಪೌಂಡ್‌ನಲ್ಲೇ, ಅಂದರೆ ಮೇಲ್ಮೈ ಉಜ್ಜಿ ಸವೆಸುವ ಪೇಸ್ಟ್‌ನಲ್ಲೇ, ಎದ್ದುಬರುತ್ತದೆ. ಥಿನ್ನರ್ ಮಾತ್ರ ಮುಟ್ಟಬೇಡಿ, ಕಾರಿನ ಬಣ್ಣವನ್ನೂ ಕರಗಿಸೀತು.

ಈಗ ಉಜ್ಜುವ ಕೆಲಸ. ಕಾರು ನೆರಳಿನಲ್ಲಿರಲಿ, ಮುಟ್ಟಿದರೆ ತಣ್ಣಗಿರಲಿ. ಬಿಸಿ ತಗಡಿನ ಮೇಲೆ ಕಾಂಪೌಂಡ್ ಬೇಗ ಒಣಗಿ ಕಚ್ಚಿಕೊಳ್ಳುತ್ತದೆ. ಪಕ್ಕದ ಕಪ್ಪು ಪ್ಲಾಸ್ಟಿಕ್, ರಬ್ಬರ್ ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಅವುಗಳೊಳಗೆ ಕಾಂಪೌಂಡ್‌ನ ಬಿಳಿ ಪುಡಿ ಸೇರಿದರೆ ತೆಗೆಯುವುದೇ ದೊಡ್ಡ ರಗಳೆ. ಮೈಕ್ರೋಫೈಬರ್ ಬಟ್ಟೆ ಅಥವಾ ಸ್ಪಂಜಿನ ಪ್ಯಾಡ್‌ಗೆ ಬಟಾಣಿ ಕಾಳಿನಷ್ಟು ಕಾಂಪೌಂಡ್ ಹಾಕಿ, ಅಂಗೈ ಅಗಲದ ಜಾಗದಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಉಜ್ಜಿ. ಅರ್ಧ ನಿಮಿಷಕ್ಕೊಮ್ಮೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬಾಗಿಲಿನ ಅಂಚು, ಬಾನೆಟ್‌ನ ಏಣುಗಳಲ್ಲಿ ಬಣ್ಣ ತೀರಾ ತೆಳು, ಅಲ್ಲಿ ಒತ್ತಡ ಬೇಡ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ಕೈ ನಿಲ್ಲಿಸಿ: ಹೊದಿಕೆ ದಾಟಿದ್ದೀರಿ. (ಹಳೆಯ ಕಾಲದ, ಹೊದಿಕೆಯೇ ಇಲ್ಲದ ಬಣ್ಣವಾದರೆ ಅದು ಸಹಜ.)

ನಾನು ಮೊದಲ ಸಲ ಇಲ್ಲಿಗೇ ಬಿಟ್ಟು ಎದ್ದುಬಿಟ್ಟಿದ್ದೆ. ಗೀರು ಹೋಗಿತ್ತು, ಅದರ ಜಾಗದಲ್ಲಿ ಮಂಕಾದ ತೇಪೆ. ಕಾಂಪೌಂಡ್ ಬಿಟ್ಟ ಸಣ್ಣ ಗೆರೆಗಳನ್ನು ತೆಗೆಯಲು ನಯವಾದ ಪಾಲಿಷ್ ಬೇಕೇ ಬೇಕು, ಅದೂ ಬೇರೆ ಬಟ್ಟೆಯಲ್ಲಿ. ಕೊನೆಗೆ ವ್ಯಾಕ್ಸ್. ಟೂತ್‌ಪೇಸ್ಟ್ ಕೂಡ ಒಂದು ಬಗೆಯ ಕಾಂಪೌಂಡೇ; ತೀರಾ ಸಣ್ಣ ಗೆರೆಗೆ ನಡೆದೀತು, ನಾನಂತೂ ಬಳಸುವುದಿಲ್ಲ. ಮ್ಯಾಟ್ ಬಣ್ಣದ ಕಾರಿಗೆ ಇದ್ಯಾವುದೂ ಸಲ್ಲ: ಉಜ್ಜಿದ ಕಡೆಯಷ್ಟೇ ಹೊಳೆಯತೊಡಗುತ್ತದೆ.

ಉಗುರು ತಡೆದ ಗೀರಿಗೆ ಟಚ್‌ಅಪ್ ಬಣ್ಣವೇ ದಾರಿ. ಬಿಳಿ ಕಾರಿಗೆ ಯಾವುದೋ ಬಿಳಿ ತಂದರೆ ಹೊಂದುವುದಿಲ್ಲ. ಬಣ್ಣದ ಕೋಡ್ ಹಲವು ಕಾರುಗಳಲ್ಲಿ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲಿರುತ್ತದೆ. ತಗಡು ಕಾಣುತ್ತಿದ್ದರೆ ತಡಮಾಡಬೇಡಿ, ತುಕ್ಕು ಬಣ್ಣದಡಿಯಲ್ಲೇ ಹರಡುತ್ತದೆ. ಬಂದಿರುವ ತುಕ್ಕನ್ನು ಕೆರೆದು ಪ್ರೈಮರ್ ಹಚ್ಚಿ. ಪ್ಲಾಸ್ಟಿಕ್ ಬಂಪರ್‌ಗೆ ಆ ಭಯವಿಲ್ಲ. ಜಿಡ್ಡು ಹೋಗಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹಲ್ಲುಕಡ್ಡಿಯ ತುದಿಯಲ್ಲಿ ಬಣ್ಣವನ್ನು ಗೀರಿನೊಳಗೆ ಮಾತ್ರ ಇಳಿಸಿ. ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲವೂ ಒಣಗಲು ಬಿಟ್ಟು. ಮೇಲೆ ಕ್ಲಿಯರ್ ಕೋಟ್. ವ್ಯಾಕ್ಸ್‌ಗೆ ಅವಸರ ಬೇಡ. ಒಣಗಿದಂತೆ ಕಂಡ ಬಣ್ಣ ಒಳಗೆ ಇನ್ನೂ ಮೆತ್ತಗಿರುತ್ತದೆ, ಗಟ್ಟಿಯಾಗಲು ಕೆಲವು ವಾರಗಳೇ ಹಿಡಿಯಬಹುದು.