ಆರ್ಬಿಟ್ರೇಷನ್ ಇದೆಯಲ್ಲ ಅಂತ ಮಾತುಕತೆ ಬಿಡಬಾರ್ದು: ಸ್ಟಾಫ್ ಸೈಡ್‌ನಲ್ಲಿ ನನ್ನ ಅನುಭವ

ಕೇಂದ್ರ ಸರ್ಕಾರಿ ನೌಕರರಿಗೆ ಜೆಸಿಎಂ (ಜಾಯಿಂಟ್ ಕನ್ಸಲ್ಟೇಟಿವ್ ಮೆಷಿನರಿ, ಅಂದ್ರೆ ಜಂಟಿ ಸಮಾಲೋಚನಾ ವ್ಯವಸ್ಥೆ) ಗೊತ್ತಿರುತ್ತೆ, 1966ರಲ್ಲಿ ಶುರುವಾಗಿದ್ದು, ಅಧಿಕಾರಿಗಳು ಒಂದ್ಕಡೆ ನೌಕರರ ಪ್ರತಿನಿಧಿಗಳು (ಸ್ಟಾಫ್ ಸೈಡ್) ಒಂದ್ಕಡೆ ಕೂತು ಮಾತಾಡೋದು, ಒಮ್ಮತ ಆಗ್ಲಿಲ್ಲ ಅಂದ್ರೆ ಕಡ್ಡಾಯ ಆರ್ಬಿಟ್ರೇಷನ್, ಅಂದ್ರೆ ಆರ್ಬಿಟ್ರೇಷನ್ ಬೋರ್ಡ್ ಎರಡೂ ಕಡೆ ಕೇಳಿ ತೀರ್ಪು ಕೊಡೋದು. ಆದ್ರೆ ಬೋರ್ಡ್‌ಗೆ ಹೋಗೋದು ಮೂರೇ ಬಾಬ್ತು: ಸಂಬಳ-ಭತ್ಯೆ, ವಾರದ ಕೆಲಸದ ಗಂಟೆ, ರಜೆ. ಅದೂ ಇಡೀ ಒಂದು ವರ್ಗದ ನೌಕರರದ್ದಾದ್ರೆ ಮಾತ್ರ.

ನಾನು ಜೆಸಿಎಂನ ಇಲಾಖೆ ಮಟ್ಟದ ಕೌನ್ಸಿಲ್‌ಗೆ ಹೋದಾಗ ಕಂಡಿದ್ದು ಏನಂದ್ರೆ, ಭತ್ಯೆ ವಿಷಯ ಬಂದ ತಕ್ಷಣ ಎರಡೂ ಕಡೆಯವರು ಬಾಯಿ ಬಿಗಿ ಹಿಡೀತಾರೆ. 100 ಕೇಳಿದೋರು 70 ಸಾಕು ಅಂತ ಇಲ್ಲೇ ಅಂದ್ಬಿಟ್ರೆ ಬೋರ್ಡ್ ಅಲ್ಲಿಂದ ಕೆಳಗೇ ಎಳೆಯುತ್ತೆ ಅನ್ನೋ ಭಯ ನಮಗೆ, 40 ಕೊಡ್ತೀವಿ ಅಂದ್ರೆ ಬೋರ್ಡ್ ಅದಕ್ಕಿಂತ ಮೇಲೇ ಹೋಗುತ್ತೆ ಅನ್ನೋ ಲೆಕ್ಕ ಅಧಿಕಾರಿಗಳಿಗೆ. ಕೊನೆಗೆ "ಡಿಸ್‌ಅಗ್ರೀಮೆಂಟ್ ರೆಕಾರ್ಡ್ ಮಾಡ್ಕೊಳ್ಳಿ ಸಾರ್" ಅಂತ ಎದ್ದು ಬರೋದು, ಒಮ್ಮತ ಇಲ್ಲ ಅಂತ ರೆಕಾರ್ಡ್ ಆದ್ರೆ ಬೋರ್ಡ್ ದಾರಿ ತೆರೆಯುತ್ತಲ್ಲ. ಅಧಿಕಾರಿಗೂ ಸಲೀಸು, ನಾನು ಒಪ್ಪಿದ್ದಲ್ಲ ಬೋರ್ಡ್ ಕೊಟ್ಟಿದ್ದು ಅಂತ ಫೈನಾನ್ಸ್‌ನವರಿಗೆ ಹೇಳ್ಬಹುದು, ನಮ್ಮ ಲೀಡರ್‌ಗಳಿಗೂ ಸಲೀಸು, ಕಮ್ಮಿಗೆ ಒಪ್ಕೊಂಡ್ರು ಅಂತ ಮೆಂಬರ್‌ಗಳ ಹತ್ರ ಬೈಸ್ಕೊಳ್ಳಂಗಿಲ್ಲ. ಮಾತುಕತೆ ಸಾಯೋದು ಇಲ್ಲೇ.

ಹಾಗಂತ ಬೋರ್ಡ್ ದಾರಿ ಗ್ಯಾರಂಟಿನೂ ಅಲ್ಲ. 1968ರಲ್ಲಿ ಅಗತ್ಯಾಧಾರಿತ ಕನಿಷ್ಠ ವೇತನದ ವಿಷಯ ಆರ್ಬಿಟ್ರೇಷನ್‌ಗೆ ಕೊಡಿ ಅಂದ್ರೆ ಸರ್ಕಾರ ಒಪ್ಪಲೇ ಇಲ್ಲ, ಸೆಪ್ಟೆಂಬರ್ 19ಕ್ಕೆ ಮುಷ್ಕರ ಆಯ್ತು. ಬೋರ್ಡ್‌ನ ತೀರ್ಪು (ಅವಾರ್ಡ್) ಬಂದ್ರೂ ಅದನ್ನ ತಿರಸ್ಕರಿಸೋ, ಬದಲಾಯಿಸೋ ಅಧಿಕಾರ ಪಾರ್ಲಿಮೆಂಟ್‌ಗೆ ಇದೆ.

ನಾವು ಮಾಡಿದ್ದು ಇಷ್ಟು. ಭತ್ಯೆ ಬೇಡಿಕೆನ ಒಂಟಿಯಾಗಿ ಇಡ್ಲಿಲ್ಲ, ಅದೇ ಕೇಡರ್‌ನ ಬಡ್ತಿ, ವರ್ಗಾವಣೆ ಜೊತೆ ಸೇರಿಸಿ ಇಟ್ವಿ, ಯಾಕಂದ್ರೆ ಅವೆರಡೂ ಬೋರ್ಡ್‌ಗೆ ಹೋಗೋದೇ ಇಲ್ಲ, ಇಲ್ಲೇ ಕೂತು ಬಗೆಹರಿಸ್ಬೇಕು, ಯಾರೂ ಜಾರ್ಕೊಳ್ಳೋಕೆ ಆಗಲ್ಲ. ಎಷ್ಟು ಜನಕ್ಕೆ, ವರ್ಷಕ್ಕೆ ಎಷ್ಟು ಖರ್ಚು ಅಂತ ನಮ್ಮ ಲೆಕ್ಕ ಮೊದಲೇ ಬರೆದು ಕೊಟ್ವಿ, ಅವರ ಲೆಕ್ಕನೂ ಬರವಣಿಗೆಯಲ್ಲೇ ಕೇಳಿದ್ವಿ, ಅದು ಕೈಗೆ ಬರೋ ತನಕ ಡಿಸ್‌ಅಗ್ರೀಮೆಂಟ್ ಬರೆಸೋಕೆ ಬಿಡ್ಲಿಲ್ಲ. ಇನ್ನೊಂದು, ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಇದೇ ಅನ್ಸುತ್ತೆ: ಚೌಕಾಸಿ ಮಾಡುವಾಗ ಬಾಯಲ್ಲಿ ಬಂದ ಅಂಕಿ ಯಾವುದೂ ಮಿನಿಟ್ಸ್‌ಗೆ ಹೋಗಬಾರ್ದು, ನಾಳೆ ಬೋರ್ಡ್ ಮುಂದೆ ಯಾರೂ ಎತ್ತಬಾರ್ದು ಅಂತ ಮೊದಲೇ ಮಾತಾಡ್ಕೊಂಡ್ವಿ. ಆಮೇಲೆ ಅಧಿಕಾರಿಗಳು ನಿಜವಾದ ಅಂಕಿ ಹೇಳೋಕೆ ಶುರು ಮಾಡಿದ್ರು, ನಾವೂ ಹೇಳಿದ್ವಿ.

ಭತ್ಯೆ ಕೇಳಿದ್ದಕ್ಕಿಂತ ಕಮ್ಮಿನೇ ಆಯ್ತು. ಬೋರ್ಡ್‌ಗೆ ಹೋಗಿದ್ರೆ ಜಾಸ್ತಿ ಸಿಕ್ತಿತ್ತು ಅಂತ ಕೆಲವು ಹುಡುಗರು ಈಗ್ಲೂ ಜಗಳ ಆಡ್ತಾರೆ, ಸಿಕ್ತಿತ್ತೇನೋ, ಆದ್ರೆ ವರ್ಗಾವಣೆಗೆ ಸೀನಿಯಾರಿಟಿ ನೋಡ್ಬೇಕು ಅಂತ ಬರೆಸ್ಕೊಂಡಿದ್ದು ಯಾವ ಬೋರ್ಡೂ ಕೊಡ್ತಿರ್ಲಿಲ್ಲ.