ಬೆಂಪ್ಟನ್‌ನಲ್ಲಿ ಒಂದೇ ಕಡೆ ಮೂರು ಗಂಟೆ

ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಬೆಂಪ್ಟನ್ ಕ್ಲಿಫ್ಸ್ ಪಕ್ಷಿಧಾಮಕ್ಕೆ ಮೊದಲ ಸಲ ಹೋದದ್ದು ಪಫಿನ್ ಎಂಬ ಕಡಲಹಕ್ಕಿಯನ್ನು ನೋಡಲೆಂದೇ. ಕ್ಯಾಮೆರಾ ಹಿಡಿದು ಒಂದು ವೀಕ್ಷಣಾ ಕಟ್ಟೆಯಿಂದ ಇನ್ನೊಂದಕ್ಕೆ ಓಡಾಡಿದ್ದೇ ಬಂತು. ಪಫಿನ್ ಕಾಣಲಿಲ್ಲ, ಉಳಿದ ಹಕ್ಕಿಗಳನ್ನು ನಾನು ನೋಡಲಿಲ್ಲ. ಮರುವರ್ಷ ಜೂನ್ ಮೊದಲ ವಾರ ಹೋದಾಗ ಒಂದೇ ಕಡೆ ನಿಲ್ಲಬೇಕೆಂದು ಮೊದಲೇ ತೀರ್ಮಾನಿಸಿದ್ದೆ.

ಬೆಳಗ್ಗೆ ಬೇಗ ಹೋದರೆ ಬಿಸಿಲು ಬಂಡೆಯ ಮುಖಕ್ಕೇ ಬೀಳುತ್ತದೆ. ಸುಮಾರು 100 ಮೀಟರ್ ಎತ್ತರದ ಸೀಮೆಸುಣ್ಣದ ಗೋಡೆ. ಹಕ್ಕಿ ಕಾಣುವ ಮೊದಲೇ ಹಿಕ್ಕೆಯ ಘಾಟು ಮೂಗಿಗೆ ಬಡಿಯಿತು. ಬೈನಾಕ್ಯುಲರ್ ಕೂಡಲೇ ಎತ್ತದೆ ಮೊದಲು ಬರಿಗಣ್ಣಿನಲ್ಲೇ ನೋಡಿದೆ. ಯಾರು ಎಲ್ಲಿ ಒಕ್ಕಲಿದ್ದಾರೆಂದು ತಿಳಿಯುವುದು ಹಾಗೆಯೇ. ಅಗಲವಾದ ಚಾಚುಗಳಲ್ಲಿ ಗ್ಯಾನೆಟ್, ಕಿರಿದಾದ ಅಂಚುಗಳಲ್ಲಿ ಒತ್ತೊತ್ತಾಗಿ ನಿಂತ ಗಿಲಿಮಾಟ್, ಹಿಡಿಯಗಲದ ಮೂಲೆಗೂ ಕೆಸರು, ಹುಲ್ಲು ಮೆತ್ತಿ ಗೂಡು ಕಟ್ಟಿದ ಕಿಟಿವೇಕ್. ತನ್ನ ಹೆಸರನ್ನೇ ಕೂಗುವ ಹಕ್ಕಿ ಅದು.

ಗಿಲಿಮಾಟ್ ಗೂಡೇ ಕಟ್ಟುವುದಿಲ್ಲ. ಒಂದೇ ಮೊಟ್ಟೆ, ಬರಿಯ ಕಲ್ಲಿನ ಮೇಲೆ. ಒಂದು ಹಕ್ಕಿಯ ಮೇಲೇ ಕಣ್ಣಿಟ್ಟೆ. ಮುಕ್ಕಾಲು ಗಂಟೆ ಕಳೆದ ಮೇಲೆ ಸಮುದ್ರದ ಕಡೆಯಿಂದ ಅದರ ಜೋಡಿ ಬಂತು. ಕೂತದ್ದು ತುಸು ಎದ್ದಾಗ ಪಾದಗಳ ಮೇಲೆ ಮೊಟ್ಟೆ ಕಂಡಿತು: ನೀಲಿ ಬೆರೆತ ಹಸಿರು, ಗೀಚಿದಂಥ ಕಪ್ಪು ಗೆರೆಗಳು, ಒಂದು ತುದಿ ಚೂಪು. ಬಂದದ್ದು ಕೊಕ್ಕಿನಿಂದ ಅದನ್ನು ಮೆಲ್ಲಗೆ ತನ್ನತ್ತ ಸರಿಸಿಕೊಂಡು ಕೂತೇಬಿಟ್ಟಿತು. ಹಿಂದೆ ಜನ ಇದೇ ಬಂಡೆಗಳಿಂದ ಹಗ್ಗ ಕಟ್ಟಿ ಇಳಿದು ಇಂಥ ಮೊಟ್ಟೆಗಳನ್ನು ಒಯ್ಯುತ್ತಿದ್ದರು. ಅದಕ್ಕೆ ತಡೆ ಬಿದ್ದದ್ದು 1954ರ ಪಕ್ಷಿ ಸಂರಕ್ಷಣಾ ಕಾಯ್ದೆಯಿಂದ. ಅಷ್ಟು ಎಚ್ಚರದಿಂದ ಕಾಯ್ದ ಆ ಒಂದು ಮೊಟ್ಟೆ ಕಂಡ ಮೇಲೆ ಹಾಗೆ ಒಯ್ದದ್ದನ್ನು ನೆನೆದರೇ ಸಂಕಟವಾಗುತ್ತದೆ.

ಗ್ಯಾನೆಟ್‌ಗಳು ಹುಲ್ಲು ಕೀಳಲು ಬಂಡೆಯ ನೆತ್ತಿಗೇ ಬರುತ್ತವೆ. ಹತ್ತು ಹೆಜ್ಜೆ ದೂರದಲ್ಲಿ ಇಳಿದ ಒಂದು, ಬಾಯ್ತುಂಬ ಹುಲ್ಲನ್ನು ಬುಡಸಮೇತ ಕಿತ್ತು, ಆರಡಿಯ ರೆಕ್ಕೆ ಬಿಚ್ಚಿ ಗಾಳಿಗೆ ಒಡ್ಡಿಕೊಂಡಿತು, ಅಷ್ಟೇ. ಬಡಿಯಲೂ ಇಲ್ಲ, ಗಾಳಿಯೇ ಎತ್ತಿಕೊಂಡಿತು. ಕೆಳಗಿನ ಗೂಡೊಂದರಲ್ಲಿ ಹುಲ್ಲಿನ ಜೊತೆ ಬಲೆಯ ನೀಲಿ ಪ್ಲಾಸ್ಟಿಕ್ ದಾರವೂ ಇತ್ತು. ಮರಿಯ ಕಾಲಿಗೆ ಅದು ಸುತ್ತಿಕೊಂಡರೆ ಬಿಡಿಸುವವರು ಯಾರು?

ಇಲ್ಲಿನ ಪಫಿನ್‌ಗಳು ಬಂಡೆಯ ಬಿರುಕುಗಳಲ್ಲಿ ಗೂಡು ಮಾಡುತ್ತವೆ. ಆದ್ದರಿಂದ ಹಕ್ಕಿಯನ್ನಲ್ಲ, ಬಿರುಕುಗಳನ್ನು ಹುಡುಕಬೇಕು. ಮೂರನೇ ಗಂಟೆ ಮುಗಿಯುತ್ತ ಬಂದಾಗ ಒಂದು ಬಿರುಕಿನ ಬಾಯಲ್ಲಿ ಕಿತ್ತಳೆ ಬಣ್ಣದ ಎರಡು ಕಾಲು ಕಾಣಿಸಿದವು. ಹೊರಬಂದು ಅತ್ತಿತ್ತ ನೋಡಿ ಮತ್ತೆ ಒಳಗೆ ಹೋಯಿತು. ಕ್ಯಾಮೆರಾ ಚೀಲದಲ್ಲೇ ಇತ್ತು.